ಹೆಡ್ಜ್‌ಹಾಗ್ ಪಂಜರಕ್ಕೆ ಯಾವ ಹಾಸು ಒಳ್ಳೇದು? ತೆಂಗಿನ ನಾರು, ಹುಲ್ಲು, ಕಾಟನ್ ಬಟ್ಟೆ, ಮರದ ಸಿಪ್ಪೆ?

ರಾತ್ರಿಪಾಳಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್ (ಬೆನ್ನ ತುಂಬ ಮುಳ್ಳಿರುವ ಅಂಗೈಯಷ್ಟು ಪ್ರಾಣಿ) ಬಂದಿದೆ, ಹೆಸರು ಗುಂಡ. ನಮ್ಮ ಸೋದರತ್ತೆ ಮಗ ಓದೋಕೆ ಹೊರದೇಶಕ್ಕೆ ಹೊರಟ, ಹೋಗುವಾಗ ಗುಂಡನನ್ನು ಪಂಜರ, ಚಕ್ರ, ಊಟದ ಬಟ್ಟಲು ಸಮೇತ ನನಗೆ ಒಪ್ಪಿಸಿದ. ಚೆನ್ನಾಗಿ ತಿನ್ನುತ್ತಾನೆ, ರಾತ್ರಿಯೆಲ್ಲ ಚಕ್ರದಲ್ಲಿ ಓಡುತ್ತಾನೆ. ಚಿಂತೆ ಇರೋದು ಪಂಜರದ ತಳಕ್ಕೆ ಏನು ಹಾಸಬೇಕು ಅನ್ನೋದರ ಬಗ್ಗೆ.

ಜೊತೆಗೆ ಬಂದ ಚೀಲದಲ್ಲಿ ನಿಂಬೆ ವಾಸನೆ ಹಾಕಿದ ಮರದ ಸಿಪ್ಪೆ ಇದೆ. ಚೀಲ ಬಿಚ್ಚಿದರೆ ನನಗೇ ಮೂಗು ಉರಿಯುತ್ತದೆ. ಅದನ್ನು ಹಾಕಿದ ರಾತ್ರಿ ಗುಂಡ ಬಿಟ್ಟು ಬಿಟ್ಟು ಸೀನುತ್ತಿದ್ದ. ಆಮೇಲೆ ಒಂದು ಸಿಪ್ಪೆಯನ್ನು ಅಗಿದು ಅಗಿದು, ಬಾಯಲ್ಲಿ ನೊರೆ ಬರಿಸಿಕೊಂಡು, ಕತ್ತು ಪೂರ್ತಿ ತಿರುಗಿಸಿ ಆ ನೊರೆಯನ್ನು ಬೆನ್ನಿನ ಮುಳ್ಳಿಗೆ ಬಳಿದುಕೊಂಡ. ನನಗೆ ಗಾಬರಿ ಆಯ್ತು. ಇದು ಕಾಯಿಲೆನಾ?

ನನಗೆ ಪ್ಲಾಸ್ಟಿಕ್ ಬಟ್ಟೆ ಬೇಡ, ಆದಷ್ಟು ನೈಸರ್ಗಿಕವಾದದ್ದೇ ಬೇಕು. ಮನೆಯಲ್ಲಿ ಆಗಲೇ ತಲೆಗೊಂದು ಸಲಹೆ ಬಂದಿದೆ. ಅಮ್ಮ ಹಳೇ ಕಾಟನ್ ಸೀರೆ ಹರಿದು ಹಾಕು ಅಂತಾರೆ, ಜೊತೆಗೆ ಹುಳ ಬರದ ಹಾಗೆ ಒಂದು ಹಿಡಿ ಬೇವಿನ ಸೊಪ್ಪು. ಮಾವ ಊರಿಂದ ಭತ್ತದ ಹುಲ್ಲು ತರಿಸಿಕೊಡ್ತೀನಿ ಅಂದಿದ್ದಾರೆ. ನಮ್ಮ ರಸ್ತೆಯಲ್ಲೇ ಬಡಗಿ ಅಂಗಡಿ ಇದೆ, ಹೊಟ್ಟು ಸುಮ್ನೆ ಕೊಡ್ತಾರೆ. ಮನೆ ಬನಶಂಕರಿ ಕಡೆ, ಮೊದಲ ಮಹಡಿ, ಗುಂಡನ ಪಂಜರ ಇರುವ ರೂಮಿಗೆ ಬಿಸಿಲು ಕಡಿಮೆ, ಮಳೆಗಾಲದಲ್ಲಿ ಗೋಡೆ ತಂಪು ಹೊಡೆಯುತ್ತದೆ. ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ.

ಮುಳ್ಳುಚೆಂಡು:

ಮೊದಲು ಆ ನಿಂಬೆ ವಾಸನೆ ಚೀಲವನ್ನು ಪಂಜರದ ರೂಮಿನಿಂದಲೇ ಆಚೆ ಇಡಿ ಮೇಡಂ. ಇವತ್ತೇ. ಪಂಜರ ಬಿಸಿನೀರಲ್ಲಿ ತೊಳೆದು, ಒರೆಸಿ, ಸದ್ಯಕ್ಕೆ ಬಿಳಿ ಪೇಪರ್ ಚೂರು ಹಾಕಿ. ಸೀನು ನಿಲ್ಲುತ್ತದೋ ಇಲ್ಲವೋ ನೋಡಿ. ಹಾಸು ಬದಲಿಸಿದ ಮೇಲೂ ಸೀನುತ್ತಿದ್ದರೆ, ಮೂಗಿನಲ್ಲಿ ನೀರು ಬರುತ್ತಿದ್ದರೆ, ಉಸಿರಾಟದ ಸದ್ದು ಕೇಳಿಸುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ನೊರೆ ಬಳಿದುಕೊಳ್ಳುವುದು ಕಾಯಿಲೆ ಅಲ್ಲ. ಹೊಸ ವಾಸನೆ ಸಿಕ್ಕಿದರೆ ಎಲ್ಲ ಹೆಡ್ಜ್‌ಹಾಗ್‌ಗಳೂ ಅದನ್ನು ಅಗಿದು ಮೈಗೆ ಹಚ್ಚಿಕೊಳ್ಳುತ್ತವೆ. ಆದರೆ ಇದರಲ್ಲಿ ನಮಗೊಂದು ವಿಷಯ ಇದೆ: ಹಾಸಿನಲ್ಲಿ ಏನಿದೆಯೋ ಅದು ಇವುಗಳ ಬಾಯಿಗೆ ಹೋಗಿಯೇ ಹೋಗುತ್ತದೆ. ಹಾಗಾಗಿ ಬಾಯಿಗೆ ಹೋದರೆ ತೊಂದರೆ ಆಗುವಂಥದ್ದು ಪಂಜರದಲ್ಲಿ ಇರಲೇಬಾರದು.

ನೀವು ಒಂದು ಸಲ ಗುಂಡನನ್ನು ಅಂಗೈ ಮೇಲೆ ಕೂರಿಸಿಕೊಂಡು ಕೆಳಗಿನಿಂದ ನೋಡಿ. ಮೇಲೆ ಮುಳ್ಳು, ಹೊಟ್ಟೆ ಕಡೆ ಬರೀ ಮೃದು ಕೂದಲು, ತೆಳು ಚರ್ಮ. ಕಾಲು ಗಿಡ್ಡ, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಿದ ಹಾಗೇ ಇರುತ್ತದೆ. ಮೂಗು ಯಾವಾಗಲೂ ನೆಲಕ್ಕೆ. ಕಣ್ಣು ಮಂದ, ವಾಸನೆ ಮೇಲೇ ಬದುಕು. ಅಂದರೆ ಹಾಸಿನ ಧೂಳು ನೇರ ಮೂಗಿಗೆ, ಹಾಸಿನ ಚುಚ್ಚು ನೇರ ಹೊಟ್ಟೆಗೆ, ಹಾಸಿನ ತೇವ ನೇರ ಪಾದಕ್ಕೆ. ನೈಸರ್ಗಿಕ ಅಂತ ಚೀಲದ ಮೇಲೆ ಬರೆದಿದ್ದರೆ ಇದರಲ್ಲಿ ಯಾವುದೂ ಕಡಿಮೆ ಆಗೋದಿಲ್ಲ. ಸೀಡರ್ ಮರ ನೈಸರ್ಗಿಕವೇ, ಆದರೆ ಅದರ ಎಣ್ಣೆಯ ಘಾಟು ಇಂಥ ಸಣ್ಣ ಪ್ರಾಣಿಗಳ ಶ್ವಾಸಕೋಶ, ಲಿವರ್ ಎರಡಕ್ಕೂ ಕೆಟ್ಟದ್ದು. ಹಸಿ ಪೈನ್ ಕೂಡ ಹಾಗೇ. ಬಟ್ಟಿಯಲ್ಲಿ ಒಣಗಿಸಿದ ಪೈನ್ ಆದರೆ ಘಾಟು ಬಹಳ ಮಟ್ಟಿಗೆ ಹೋಗಿರುತ್ತದೆ, ಅದನ್ನು ಬಳಸುವವರು ಇದ್ದಾರೆ. ಮರದ ಸಿಪ್ಪೆಯೇ ಬೇಕು ಅಂದರೆ ಆಸ್ಪೆನ್ ಎಲ್ಲಕ್ಕಿಂತ ಒಳ್ಳೇದು, ಅದಕ್ಕೆ ಎಣ್ಣೆ ವಾಸನೆ ಇಲ್ಲ. ನಮ್ಮೂರಲ್ಲಿ ಬೆಳೆಯುವ ಮರ ಅಲ್ಲ, ಹೊರಗಿಂದ ಬರಬೇಕು, ಬೆಲೆ ಜಾಸ್ತಿ.

ನಾನು ಬಳಸೋದು ಪೇಪರ್. ಅವೆನ್ಯೂ ರೋಡ್ ಕಡೆ ಪ್ರಿಂಟಿಂಗ್ ಕೆಲಸದವರ ಹತ್ತಿರ ಅಂಚು ಕತ್ತರಿಸಿದ ಬಿಳಿ ಪೇಪರ್ ಪಟ್ಟಿ ಬೀಳುತ್ತದೆ, ಪ್ರಿಂಟ್ ಆಗಿರೋದಿಲ್ಲ. ಕೇಳಿದರೆ ಕೊಡುತ್ತಾರೆ, ಕೆಲವರು ತೂಕಕ್ಕೆ ಮಾರುತ್ತಾರೆ. ನುಣುಪಾದ ಆರ್ಟ್ ಪೇಪರ್ ಬೇಡ, ಅದು ನೀರು ಹೀರೋದಿಲ್ಲ, ಉಚ್ಚೆ ಮೇಲೇ ನಿಲ್ಲುತ್ತದೆ. ಒರಟು ಪೇಪರ್ ಆರಿಸಿ, ಎರಡು ಬೆರಳಗಲ ಪಟ್ಟಿ ಮಾಡಿ, ಕೈಯಲ್ಲಿ ಮುದುಡಿ, ಬಿಡಿಸಿ ಹಾಕಿ. ಸುಮಾರು 5 ರಿಂದ 7 ಸೆಂಟಿಮೀಟರ್ ದಪ್ಪ ಇದ್ದರೆ ಅದರೊಳಗೆ ತೂರಿಕೊಂಡು ಮಲಗುತ್ತವೆ. ನಮ್ಮ ಮನೆಯದು ಬೆಳಗಿನ ಜಾವ ಮೂಗಿನಿಂದ ಪೇಪರ್ ತಳ್ಳಿ ತಳ್ಳಿ ಒಂದು ಮೂಲೆಗೆ ಗುಡ್ಡೆ ಮಾಡಿ, ತಲೆ ಮೊದಲು ಒಳಗೆ ಹಾಕಿ, ಆಮೇಲೆ ಒಂದು ಸುತ್ತು ತಿರುಗಿ ಬಾಗಿಲು ಮುಚ್ಚಿದ ಹಾಗೆ ಪೇಪರ್ ಎಳೆದುಕೊಳ್ಳುತ್ತದೆ. ಅದನ್ನು ನೋಡೋಕೆ ಅಂತಲೇ ನಾನು ಬೇಗ ಏಳುತ್ತೇನೆ.

ಹತ್ತರಿ_ಉಳಿ:

ನಮ್ಮಪ್ಪ ಬಡಗಿ, ನಾನೂ ಅದೇ ಕೆಲಸ, ಅಂಗಡಿ ಮೈಸೂರು ರಸ್ತೆ ಕಡೆ. ಮೇಡಂ, ಬಡಗಿ ಅಂಗಡಿ ಹೊಟ್ಟು ದಯವಿಟ್ಟು ಬೇಡ. ಈಗ ಯಾವ ಅಂಗಡಿಯಲ್ಲೂ ಒಂದೇ ಮರದ ಕೆಲಸ ನಡೆಯೋದಿಲ್ಲ. ಬೆಳಗ್ಗೆ ಪ್ಲೈವುಡ್ ಕತ್ತರಿಸಿರುತ್ತೇವೆ, ಮಧ್ಯಾಹ್ನ ಎಂಡಿಎಫ್ (ಮರದ ನಾರಿಗೆ ಅಂಟು ಹಾಕಿ ಒತ್ತಿದ ಹಲಗೆ), ಸಂಜೆ ಯಾರದೋ ತೇಗದ ಬಾಗಿಲು. ಎಲ್ಲ ನೆಲದ ಮೇಲೆ ಒಂದೇ ಗುಡ್ಡೆ. ಪ್ಲೈವುಡ್, ಎಂಡಿಎಫ್ ಎರಡರಲ್ಲೂ ಅಂಟು ಇರುತ್ತದೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಕಣ್ಣು ಮೂಗು ಉರಿಸುವ ರಾಸಾಯನಿಕ ಇರುತ್ತದೆ. ಹಳೇ ಮರ ಬಿಚ್ಚಿದ್ದಾದರೆ ಪಾಲಿಶ್, ಪೇಂಟ್, ಗೆದ್ದಲು ಔಷಧಿ. ತೇಗದ ಧೂಳಿಗೆ ನಮ್ಮಂಥ ದೊಡ್ಡವರಿಗೇ ಕೈ ಕೆರೆತ ಬರುತ್ತದೆ, ಸೀನು ಬರುತ್ತದೆ. ಅಂಗೈಯಷ್ಟು ಪ್ರಾಣಿ ಹೇಗೆ ತಡೆಯಬೇಕು?

ಇನ್ನೊಂದು ವಿಷಯ. ಗರಗಸದಿಂದ ಬೀಳುವ ಹೊಟ್ಟು ಬೇರೆ, ಹತ್ತರಿ ಹೊಡೆದಾಗ ಬರುವ ಸುರುಳಿ ಬೇರೆ. ಹೊಟ್ಟು ಧೂಳೇ. ಸುರುಳಿ ಸ್ವಲ್ಪ ಪರವಾಗಿಲ್ಲ, ಆದರೆ ಅದೂ ಮುರಿದಾಗ ಚೂಪಾಗುತ್ತದೆ. ಪ್ಯಾಕೆಟ್‌ನಲ್ಲಿ ಯಾವ ಮರದ ಸಿಪ್ಪೆ ತಂದರೂ ಒಂದು ಕೆಲಸ ಮಾಡಿ. ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಒಂದು ಹಿಡಿ ಸಿಪ್ಪೆ ಹಾಕಿ, ನಾಲ್ಕು ಮೂಲೆ ಹಿಡಿದು ಎರಡು ಸಲ ಕುಲುಕಿ, ಸಿಪ್ಪೆ ತೆಗೆದುಬಿಡಿ. ಬಟ್ಟೆ ಮೇಲೆ ಬಿಳೀ ಪುಡಿ ಉಳಿದಿದ್ದರೆ ಅದು ನಿಮ್ಮ ಗುಂಡನ ಮೂಗಿಗೆ ಹೋಗೋದು. ಜರಡಿ ಹಿಡಿದು ಹಾಕಿ, ಇಲ್ಲ ಬಿಟ್ಟೇಬಿಡಿ. ಮೂಸಿಯೂ ನೋಡಿ. ರಾಳದ ಘಾಟು ಬಂದರೆ ಬೇಡ.

ತಾರಸಿ_ತೋಟ:

ತೆಂಗಿನ ನಾರಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮೊಲ, ಆಮೆ, ಗಿಡ ಎಲ್ಲದಕ್ಕೂ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕುವವನು. ನಮ್ಮ ಕರ್ನಾಟಕದ್ದೇ ವಸ್ತು, ಅಗ್ಗ, ವಾಸನೆ ಹೀರುತ್ತದೆ, ಬಳಸಿದ ಮೇಲೆ ಗೊಬ್ಬರದ ಡ್ರಮ್ಮಿಗೆ ಹಾಕಬಹುದು. ತುಮಕೂರು ಕಡೆಯಿಂದ ಇಷ್ಟೊಂದು ನಾರು ಬರುವಾಗ ಹೊರದೇಶದ ಮರದ ಸಿಪ್ಪೆ ಯಾಕೆ ತರಿಸಬೇಕು?

ಮುಳ್ಳುಚೆಂಡು:

ಸರ್, ನಿಮ್ಮ ಕಾಳಜಿ ಅರ್ಥ ಆಗುತ್ತದೆ, ಆದರೆ ಇದರಲ್ಲಿ ನಾನು ಒಪ್ಪೋದಿಲ್ಲ. ಕೊಕೊಪೀಟ್ ಒಣಗಿದ್ದರೆ ನುಣ್ಣನೆ ಪುಡಿ ಏಳುತ್ತದೆ, ನೀರು ಹಾಕಿದರೆ ಗಂಟೆಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಿಡಕ್ಕೆ ಅದೇ ಬೇಕು. ಹೆಡ್ಜ್‌ಹಾಗ್ ಆಫ್ರಿಕಾದ ಒಣ ಹುಲ್ಲುಗಾವಲಿನ ಪ್ರಾಣಿ, ಅದಕ್ಕೆ ತೇವ ಬೇಡವೇ ಬೇಡ. ಬನಶಂಕರಿಯ ಬಿಸಿಲಿಲ್ಲದ ರೂಮಿನಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಕೊಪೀಟ್ ಇಟ್ಟರೆ ಬೂಷ್ಟು ಹಿಡಿಯೋಕೆ ಎಷ್ಟು ಹೊತ್ತು ಬೇಕು? ಉದ್ದ ನಾರಾದರೆ ಇನ್ನೂ ಕಷ್ಟ, ಕಾಲಿಗೆ ಸುತ್ತಿಕೊಳ್ಳುತ್ತದೆ.

ಭತ್ತದ ಹುಲ್ಲಿಗೂ ಇದೇ ಮಾತು. ತುದಿ ಚೂಪು, ಮುಖ ನೆಲಕ್ಕಿಟ್ಟು ಓಡುವ ಪ್ರಾಣಿಯ ಕಣ್ಣಿಗೆ ಚುಚ್ಚಬಹುದು. ಊರಿನ ಬಣವೆಯಿಂದ ಬಂದ ಹುಲ್ಲಿನಲ್ಲಿ ನುಸಿ, ಹುಳ, ಬೂಷ್ಟು ಏನು ಬೇಕಾದರೂ ಇರಬಹುದು. ಭತ್ತದ ಹೊಟ್ಟು, ಮೆಕ್ಕೆಜೋಳದ ದಿಂಡಿನ ಪುಡಿ, ಇವನ್ನೂ ಕೆಲವು ಅಂಗಡಿಯವರು ಕೊಡುತ್ತಾರೆ, ಎರಡೂ ಬೇಡ. ಬೆಕ್ಕಿನ ಕಕ್ಕಸು ಟ್ರೇಗೆ ಹಾಕುವ ಮಣ್ಣಂತೂ ಮುಟ್ಟಲೇಬೇಡಿ, ತೇವ ತಾಗಿದರೆ ಗಟ್ಟಿ ಉಂಡೆ ಆಗುತ್ತದೆ.

ತಾರಸಿ_ತೋಟ:

ತೇವದ ಮಾತು ಸರಿ ಇದೆ, ಒಪ್ಪಿದೆ. ಹಾಗಾದರೆ ಬಳಸಿದ ಪೇಪರನ್ನು ಗೊಬ್ಬರಕ್ಕೆ ಹಾಕಬಹುದಾ ಅಂತ ಯಾರಾದರೂ ಕೇಳಿದರೆ: ಹೂವಿನ ಗಿಡಕ್ಕೆ ಹಾಕಿ, ಸೊಪ್ಪು ತರಕಾರಿಗೆ ಬೇಡ. ಮಾಂಸ, ಹುಳ ತಿನ್ನುವ ಪ್ರಾಣಿಯ ಹಿಕ್ಕೆ ಅದು.

ಸೂಜಿದಾರ:

ಅಕ್ಕ, ಬಟ್ಟೆ ವಿಷಯ ನಾನು ಹೇಳುತ್ತೇನೆ, ನನ್ನದು ಟೈಲರಿಂಗ್, ತಂಗಿ ಹೆಡ್ಜ್‌ಹಾಗ್ ಸಾಕಿದ್ದಾಳೆ, ಅದಕ್ಕೆ ಹಾಸು, ಮಲಗುವ ಚೀಲ ಎಲ್ಲ ನಾನೇ ಹೊಲಿಯೋದು.

ಹಳೇ ಸೀರೆ ಮೆತ್ತಗಿರುತ್ತದೆ, ನಿಜ. ಆದರೆ ಹರಿದು ಹಾಕಿದರೆ ಅಂಚಿನಲ್ಲಿ ದಾರ ಬಿಟ್ಟುಕೊಳ್ಳುತ್ತದೆ. ಆ ಒಂದೇ ಒಂದು ಎಳೆ ಸಾಕು. ಬೆರಳಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳೋಕೆ ಅದು ತಿರುಗುತ್ತದೆ, ತಿರುಗಿದಷ್ಟೂ ಬಿಗಿಯುತ್ತದೆ, ರಕ್ತ ಓಡಾಟ ನಿಂತು ಕಾಲು ಊದಿಕೊಳ್ಳುತ್ತದೆ. ಟರ್ಕಿ ಟವೆಲ್ ಕೂಡ ಬೇಡ, ಅದರ ಸಣ್ಣ ಸಣ್ಣ ಕುಣಿಕೆಗೆ ಉಗುರು ಸಿಕ್ಕಿಹಾಕಿಕೊಳ್ಳುತ್ತದೆ. ಹೆಣೆದ ಸ್ವೆಟರ್, ಉಲ್ಲನ್ ಶಾಲು, ಬಟ್ಟೆಯೊಳಗಿನ ಹತ್ತಿ, ಇವೂ ಬೇಡ.

ಎಲ್ಲರೂ ಫ್ಲೀಸ್ ಬಳಸೋದು ಅದರ ಅಂಚು ಬಿಟ್ಟುಕೊಳ್ಳೋದಿಲ್ಲ ಅನ್ನೋ ಕಾರಣಕ್ಕೆ. ಅದು ಪಾಲಿಯೆಸ್ಟರ್, ನಿಮಗೆ ಬೇಡ ಅಂದಿರಿ. ಹಾಗಾದರೆ ಕಾಟನ್ ಫ್ಲಾನೆಲ್ ತನ್ನಿ, ಹಸುಗೂಸುಗಳಿಗೆ ಹೊದಿಸುತ್ತಾರಲ್ಲ, ಅದೇ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತಿಳಿ ಬಣ್ಣ ಆರಿಸಿ. ಗಾಢ ಬಣ್ಣದಲ್ಲಿ ದಾರವೂ ಕಾಣೋದಿಲ್ಲ, ರಕ್ತದ ಕಲೆ, ಉಚ್ಚೆ ಬಣ್ಣ ಬದಲಾದದ್ದೂ ಕಾಣೋದಿಲ್ಲ. ಹೊಲಿಯುವ ಮುಂಚೆ ಒಂದು ಸಲ ಬಿಸಿನೀರಲ್ಲಿ ಒಗೆಯಿರಿ, ಕುಗ್ಗುವುದೆಲ್ಲ ಕುಗ್ಗಲಿ. ಆಮೇಲೆ ಎರಡು ಪದರ, ಒಳ್ಳೇ ಮುಖ ಒಳಗೆ ಮಾಡಿ ಮೂರು ಕಡೆ ಹೊಲಿಗೆ, ತಿರುವಿ, ನಾಲ್ಕನೇ ಕಡೆ ಅಂಚು ಒಳಗೆ ಮಡಚಿ ಹೊಲಿಗೆ, ಕೊನೆಗೆ ಸುತ್ತಲೂ ಇನ್ನೊಂದು ಸಾಲು. ಆಗ ಕತ್ತರಿಸಿದ ಅಂಚು ಪೂರ್ತಿ ಒಳಗೆ ಹೋಗಿರುತ್ತದೆ. ಹೊಲಿಗೆ ಸಣ್ಣದಾಗಿ ಹಾಕಿ, ಉದ್ದ ಹೊಲಿಗೆಗೆ ಉಗುರು ಸಿಗುತ್ತದೆ. ಮಲಗುವ ಚೀಲ ಮಾಡಿದರೂ ಒಳಗಡೆ ಒಂದೂ ಅಂಚು ಕಾಣಬಾರದು.

ಒಂದು ಕಷ್ಟ ಇದೆ. ಕಾಟನ್ ಒದ್ದೆಯಾದರೆ ಒದ್ದೆಯಾಗೇ ಇರುತ್ತದೆ, ಫ್ಲೀಸ್ ಥರ ಬೇಗ ಆರೋದಿಲ್ಲ. ದಿನಾ ಬದಲಿಸಬೇಕು. ನಾಲ್ಕೈದು ಜೊತೆ ಹೊಲಿದಿಟ್ಟುಕೊಳ್ಳಿ. ಒಗೆಯುವಾಗ ವಾಸನೆ ಇಲ್ಲದ ಸೋಪು, ಒಂದು ನೀರು ಜಾಸ್ತಿ, ಕಂಫರ್ಟ್ ಥರದ್ದು ಏನೂ ಬೇಡ. ಮಳೆಗಾಲದಲ್ಲಿ ಒಣಗದೇ ಹೋದರೆ ಇಸ್ತ್ರಿ ಹಾಕಿ ಒಣಗಿಸಿ, ಅರ್ಧಂಬರ್ಧ ಒಣಗಿದ್ದನ್ನು ಹಾಕಬೇಡಿ. ಪ್ರತಿ ಸಲ ಹಾಸುವ ಮುಂಚೆ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ. ಎಳೆ ಸಿಕ್ಕರೆ ಕತ್ತರಿಸಿ, ಹೊಲಿಗೆ ಬಿಟ್ಟಿದ್ದರೆ ಆ ಹಾಸು ಬದಿಗಿಡಿ.

ಪಶುವೈದ್ಯೆ_ಹೆಬ್ಬಾಳ:

ಸೂಜಿದಾರ ಹೇಳಿದ ದಾರದ ವಿಷಯವನ್ನು ಎಲ್ಲರೂ ಮತ್ತೊಂದು ಸಲ ಓದಿ. ದಾರವೋ ಉದ್ದ ತಲೆಕೂದಲೋ ಸುತ್ತಿಕೊಂಡು, ಊದಿಕೊಂಡ ಮಾಂಸದೊಳಗೆ ಹೂತು ಹೋಗಿ, ಹೊರಗೆ ಕಾಣದೇ ಇರುತ್ತದೆ. ಹೆಡ್ಜ್‌ಹಾಗ್ ಕಾಲು ಹೊಟ್ಟೆ ಕೆಳಗೇ ಇರುವುದರಿಂದ ಮನೆಯವರಿಗೆ ತಿಳಿಯುವಾಗ ತಡವಾಗಿರುತ್ತದೆ. ದಿನಾ ರಾತ್ರಿ ನಾಲ್ಕೂ ಪಾದ ನೋಡಿ. ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ನೋಡಿದರೆ ಸುಲಭ. ಗುಂಡ ಗಂಡಾದ್ದರಿಂದ ಹೊಟ್ಟೆ ನಡುವೆ ಇರುವ ಮರ್ಮಾಂಗವನ್ನೂ ನೋಡಿ, ಸಣ್ಣ ಪುಡಿ ಹಾಸು ಹಾಕಿದರೆ ಅಲ್ಲಿ ಕಣ ಸೇರಿಕೊಂಡು ಊತ ಬರುತ್ತದೆ.

ಹಾಸಿನಿಂದ ಬರುವ ಇನ್ನೊಂದು ತೊಂದರೆ ನುಸಿ. ಮುಳ್ಳು ಉದುರುವುದು, ಮುಳ್ಳಿನ ಬುಡದಲ್ಲಿ ಹೊಟ್ಟಿನಂಥ ಬಿಳಿ ಪುಡಿ, ಕಿವಿ ಸುತ್ತ ಒಣಗಿ ಹಕ್ಕಳೆ ಕಟ್ಟುವುದು, ಬಿಡದೆ ಕೆರೆದುಕೊಳ್ಳುವುದು, ಇವು ಕಂಡರೆ ಕರೆತನ್ನಿ. ಮನೆಯಲ್ಲಿ ನಾಯಿಯ ಔಷಧಿಯನ್ನು ಅಂದಾಜಿನಲ್ಲಿ ಹಚ್ಚಬೇಡಿ. ಇವುಗಳ ತೂಕವೇ 300 ರಿಂದ 600 ಗ್ರಾಂ, ಔಷಧಿ ಒಂದು ಹನಿ ಹೆಚ್ಚಾದರೂ ಕಷ್ಟ. ಬಟ್ಟೆ ಹಾಸಾದರೆ 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ನುಸಿ ಉಳಿಯೋದಿಲ್ಲ. ರಿಂಗ್‌ವರ್ಮ್ ಶಿಲೀಂಧ್ರವೂ ಹೆಡ್ಜ್‌ಹಾಗ್‌ಗಳಲ್ಲಿ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೂಡ. ಹಾಗಾಗಿ ಹಾಸು ಒಗೆಯುವ ಬಕೆಟ್ ಬೇರೆ ಇರಲಿ, ಅಡುಗೆಮನೆ ಸಿಂಕಿನಲ್ಲಿ ಚಕ್ರ ತೊಳೆಯಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬೇವಿನ ಸೊಪ್ಪು, ನುಸಿಗುಳಿಗೆ, ಕರ್ಪೂರ, ಪಂಜರದ ಹತ್ತಿರ ಯಾವುದೂ ಬೇಡ. ಸೊಳ್ಳೆ ಬತ್ತಿ, ಫಿನಾಯಿಲ್, ಅಗರಬತ್ತಿ ಹೊಗೆಯೂ ಆ ರೂಮಿಗೆ ಬೇಡ. ಸೀನಿಗೆ ಇವೂ ಕಾರಣ ಆಗಬಹುದು.

ಚಳಿಯ ವಿಷಯ ಯಾರೂ ಎತ್ತಿಲ್ಲ. ಇವುಗಳಿಗೆ 24 ರಿಂದ 29 ಡಿಗ್ರಿ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. 20ಕ್ಕಿಂತ ಕೆಳಗೆ ಹೋದರೆ ಈ ಪ್ರಾಣಿ ಚಳಿನಿದ್ದೆಗೆ ಇಳಿಯೋಕೆ ನೋಡುತ್ತದೆ, ಆದರೆ ಅದಕ್ಕೆ ಬೇಕಾದ ತಯಾರಿ ಈ ಜಾತಿಯ ಮೈಯಲ್ಲಿ ಇಲ್ಲ. ಹೊಟ್ಟೆ ತಣ್ಣಗಾಗಿ, ತೂರಾಡುತ್ತಾ ನಡೆದರೆ ನಿಮ್ಮ ಮೈಗೆ ಒತ್ತಿ ಹಿಡಿದು ನಿಧಾನಕ್ಕೆ ಬೆಚ್ಚಗೆ ಮಾಡಿ, ತಕ್ಷಣ ಡಾಕ್ಟರ್ ಹತ್ತಿರ ಬನ್ನಿ. ದಪ್ಪ ಹಾಸು ಹಾಕಿದರೆ ಸಾಕು ಅಂದುಕೊಳ್ಳಬೇಡಿ. ಹಾಸು ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ, ಬಿಸಿ ಕೊಡೋದಿಲ್ಲ. ಪಂಜರದ ಮೇಲಿನಿಂದ ಬೆಳಕು ಬಾರದ ಸೆರಾಮಿಕ್ ಹೀಟರ್ ಬಲ್ಬ್, ಅದಕ್ಕೆ ಬಿಸಿ ಹೆಚ್ಚು ಕಡಿಮೆ ಆಗದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಹಾಕಿ. ಬಲ್ಬಿನ ಕೆಳಗೆ ಪೇಪರ್ ಗುಡ್ಡೆ ಇರಬಾರದು. ಏಪ್ರಿಲ್ ಬಿಸಿಲಿಗೆ ತಿರುಗಾ ಮುರುಗಾ: ಹಾಸು ತೆಳ್ಳಗೆ ಮಾಡಿ, ಒಂದು ಮೂಲೆಯಲ್ಲಿ ನೆಲದ ಟೈಲ್ಸ್ ಇಡಿ, ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ.

ಎಲ್ಲ ಕ್ಲಿನಿಕ್‌ನಲ್ಲೂ ಹೆಡ್ಜ್‌ಹಾಗ್ ನೋಡೋದಿಲ್ಲ. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ.

ಮಲ್ಲೇಶ್ವರಂ_ಮೊಲ:

ಇದೇ ಥ್ರೆಡ್ ಓದಿ ಯಾರಿಗಾದರೂ ಸಾಕುವ ಆಸೆ ಬಂದರೆ ಒಂದು ಮಾತು. ನಮ್ಮ ದೇಶದಲ್ಲೇ ಕಾಡು ಹೆಡ್ಜ್‌ಹಾಗ್‌ಗಳಿವೆ, ರಾಜಸ್ಥಾನ, ಗುಜರಾತ್ ಕಡೆ, ತಮಿಳುನಾಡಿನಲ್ಲೂ ಒಂದು ಜಾತಿ. ಅವನ್ನು ಹಿಡಿದು ಮಾರುವವರು ಬಂದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕಿಂತ ಮುಖ್ಯವಾಗಿ ಅವು ಪಂಜರದಲ್ಲಿ ಬದುಕುವ ಪ್ರಾಣಿಗಳಲ್ಲ.

ರಾತ್ರಿಪಾಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೀಲ ಆಚೆ ಹೋಯಿತು, ಪಂಜರ ತೊಳೆದು ಪೇಪರ್ ಹಾಕಿದ್ದೇನೆ, ಸೀನು ನಿಂತಿದೆ. ಅಮ್ಮನಿಗೆ ದಾರದ ವಿಷಯ ಓದಿ ಹೇಳಿದೆ, ಅವರೇ ಈಗ ಫ್ಲಾನೆಲ್ ಹೊಲಿಯುತ್ತೇನೆ ಅಂತ ಕೂತಿದ್ದಾರೆ. ಮಲಗುವ ಗೂಡಿನಲ್ಲಿ ಪೇಪರ್, ಓಡಾಡುವ ಜಾಗದಲ್ಲಿ ಫ್ಲಾನೆಲ್ ಅಂತ ಅಂದುಕೊಂಡಿದ್ದೇನೆ. ಚಕ್ರದ ಕೆಳಗೆ ಏನು ಹಾಕಬೇಕು? ಓಡುತ್ತಾ ಓಡುತ್ತಾ ಅಲ್ಲೇ ಹಿಕ್ಕೆ ಹಾಕುತ್ತಾನೆ, ಬೆಳಗ್ಗೆ ಚಕ್ರ, ಪಾದ ಎಲ್ಲ ಮೆತ್ತಿಕೊಂಡಿರುತ್ತದೆ. ಇನ್ನೊಂದು, ನಿನ್ನೆಯಿಂದ ಊಟದ ಬಟ್ಟಲಿಗೆ ಇರುವೆ ಸಾಲು ಶುರುವಾಗಿದೆ. ಇರುವೆ ಸೀಮೆಸುಣ್ಣ ಎಳೆಯಬಹುದಾ?

ಮುಳ್ಳುಚೆಂಡು:

ಸೀಮೆಸುಣ್ಣ ಬೇಡ ಮೇಡಂ, ಅದು ಕೀಟನಾಶಕ. ಕಾಲಿಗೆ ಮೆತ್ತಿಕೊಂಡರೆ ನೆಕ್ಕುತ್ತಾನೆ, ಅದರ ಮೇಲೆ ಓಡಾಡಿದ ಹುಳ ಪಂಜರಕ್ಕೆ ಬಂದರೆ ತಿಂದೇಬಿಡುತ್ತಾನೆ. ಪಂಜರವನ್ನು ನಾಲ್ಕು ಕಾಲಿನ ಸ್ಟ್ಯಾಂಡ್ ಮೇಲೆ ಇಟ್ಟು, ಒಂದೊಂದು ಕಾಲಿಗೂ ಒಂದೊಂದು ನೀರಿನ ಬಟ್ಟಲು ಕೊಡಿ, ಅಜ್ಜಿಯರು ಮೀಟಸೇಫಿಗೆ (ಊಟ ಇಡುವ ಜಾಲರಿ ಬೀರು) ಮಾಡುತ್ತಿದ್ದರಲ್ಲ ಹಾಗೆ. ಪಂಜರ ಗೋಡೆಗೆ ತಾಗಿರಬಾರದು. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಆಗುತ್ತವೆ. ಉಳಿದ ಊಟ ಬೆಳಗ್ಗೆಯೇ ತೆಗೆದುಬಿಡಿ.

ಚಕ್ರದ ಕೆಳಗೆ ಅಂಚು ಗಿಡ್ಡ ಇರುವ ಟ್ರೇ ಇಡಿ, ಚಕ್ರ ಅದರೊಳಗೇ ನಿಲ್ಲುವಷ್ಟು ಅಗಲ ಇರಲಿ. ಅದರಲ್ಲಿ ಬಿಳಿ ಪೇಪರ್ ಎರಡು ಮೂರು ಪದರ ಮಟ್ಟಸವಾಗಿ ಹಾಸಿ, ಚೂರು ಬೇಡ, ಚೂರು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಬೆಳಗ್ಗೆ ಮೇಲಿನ ಪದರ ಮಡಚಿ ಎಸೆದರೆ ಆಯಿತು. ಪಾದ ತೊಳೆಯೋಕೆ ಅಗಲ ಬೇಸಿನ್ನಿನಲ್ಲಿ ಬೆರಳು ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಹಾಕಿ ಅವನನ್ನು ಬಿಡಿ, ಅವನೇ ಓಡಾಡಿದರೆ ಅರ್ಧ ಕೆಲಸ ಮುಗಿಯುತ್ತದೆ, ಉಳಿದದ್ದನ್ನು ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸೋಪು ಬೇಡ. ಪೂರ್ತಿ ಒರೆಸಿ, ಮೈ ಒಣಗಿದ ಮೇಲೇ ಹಾಸಿಗೆ ಬಿಡಿ.